ಹುಳಿ ಬಿದ್ದ ಪತೇಲಿ

ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಮಲಂಗಸಾಬ ಕಲಾಯಿ ಹಾಕಲು ಕುಳಿತನೆಂದರೆ ಸೂರ್ಯನಿಗೇ ಕಣ್ಣು ಕುಕ್ಕಿ, ಅವನು ಮೆಲ್ಲಗೆ ಗುಡಿಯ ಶಿಖರದ ಮರೆಗೆ ಸರಿಯುತ್ತಿದ್ದ. ತಿದಿ ಒತ್ತಿ, ಕೆಂಡದ ಮೇಲೆ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಲಾಯಿ ಕಡ್ಡಿ ಮುಟ್ಟಿಸಿ, ಅರಳೆಯ ಉಂಡೆಯಿಂದ ಒಂದು ಸುತ್ತು ತಿರುವಿದರೆ ಸಾಕು, ಕಪ್ಪು ಹಿಡಿದ ತಾಮ್ರದ ಒಡಲೊಳಗೆ ಹುಣ್ಣಿಮೆ ಮೂಡುತ್ತಿತ್ತು. ಅವನು ಕಲಾಯಿ ಹಾಕಿದ ತಾಟಿನಲ್ಲಿ ಮುಖ ನೋಡಿಕೊಂಡ ಮುದುಕರು ಮರುಮದುವೆಗೆ ಹೆಣ್ಣು ಕೇಳಲು ಹೊರಟಿದ್ದುಂಟು. ಕಾಖಂಡಕಿಯಲ್ಲಿ ಒಂದು ಬೆಕ್ಕು ಅವನ ಕೈಯ ಬೋಗುಣಿಯಲ್ಲಿ ತನ್ನನ್ನೇ ಕಂಡು, ಎದುರಿಗೆ ಹುಲಿ ನಿಂತಿದೆಯೆಂದು ಊರು ಬಿಟ್ಟು ಹೋಗಿತ್ತು. ಇನ್ನೂ ತಿರುಗಿ ಬಂದಿಲ್ಲ. ಇದರಲ್ಲಿ ಸುಳ್ಳೇನಾದರೂ ಇದ್ದರೆ ಅದು ಬೆಕ್ಕಿನದು.

ಪಾತ್ರೆ ತಂದ ಹೆಂಗಸರಿಗೆ ಅವನು ಕಲಾಯಿಯ ಜೊತೆಗೆ ಬೈಗುಳವನ್ನು ಪುಕ್ಕಟೆ ಕೊಡುತ್ತಿದ್ದ.

“ಇದೇನ್ರೀ ಅವ್ವಾರ, ತಾಮ್ರ ಬೆತ್ತಲಾಗಿ ಕುಂತೈತಿ. ಇದರಾಗ ಹುಣಸಿಹಣ್ಣ ಹಾಕಿ ಕುದಸ್ತೀರೇನು? ಕಿಲುಬ ಏಳತೈತಿ. ಹಸರ ವಿಷ ಅದು. ಮನೀ ಮಂದೀನೆಲ್ಲಾ ಒಂದಽ ದಿನಾ ಸಾಗಸಬೇಕಂತ ಮಾಡೀರೇನು?”

ಹೊರಗೆ ಇಷ್ಟು ಕೀರ್ತಿಯುಳ್ಳ ಮನುಷ್ಯನಿಗೆ ಮನೆಯೊಳಗೊಂದು ಕೊರಗಿತ್ತು. ಹೆಂಡತಿ ಹುಸೇನಬಿ ಮಾಡುವ ಅಲಸಂದಿ ಕಾಳಿನ ಪಲ್ಯ ತನ್ನ ತಾಯಿಯ ಪಲ್ಯದಂತಾಗುವುದಿಲ್ಲ ಎಂಬುದೇ ಆ ಕೊರಗು. ತಾಯಿ ಪೀರಾಂಬಿ ತೀರಿಕೊಂಡು ವರ್ಷಗಳಾಗಿದ್ದವು. ಆದರೆ ಅವಳ ಪಲ್ಯ ಮಗನ ಬಾಯಲ್ಲಿ ವರ್ಷದಿಂದ ವರ್ಷಕ್ಕೆ ರುಚಿಯಾಗುತ್ತಲೇ ಹೋಯಿತು. ಮೊದಮೊದಲು ಅದನ್ನು ಉಂಡವರು ಬರೀ ಬೆರಳು ನೆಕ್ಕುತ್ತಿದ್ದರು. ಆಮೇಲೆ ತಾಟನ್ನೂ ನೆಕ್ಕತೊಡಗಿದರು. ಎಪ್ಪತ್ತಮೂರನೆಯ ಇಸವಿಯ ಹೊತ್ತಿಗೆ, ಅದರ ವಾಸನೆ ಹಿಡಿದು ಸೊಲ್ಲಾಪುರದ ರೈಲು ಸ್ಟೇಷನ್ನಿಗಿಂತ ಮೊದಲೇ ನಿಂತು, ಡ್ರೈವರ್ ರೊಟ್ಟಿ ಹಿಡಿದು ಕೆಳಗಿಳಿದಿದ್ದ ಎಂಬಲ್ಲಿಗೆ ಬಂದು ಮುಟ್ಟಿತ್ತು.

ಹುಸೇನಬಿಯ ಪಲ್ಯದಲ್ಲಿ ಅವನು ಹಿಡಿಯುವ ತಪ್ಪು ಒಂದೇ. “ಹುಳಿ ಕಾಳಿನೊಳಗ ಇಳದಽ ಇಲ್ಲ ನೋಡು. ಮ್ಯಾಲ ಮ್ಯಾಲ ತೇಲಾಕತ್ತೈತಿ.” ಪ್ರತಿ ಊಟಕ್ಕೂ ಈ ಮಾತು ಉಪ್ಪಿನಕಾಯಿಯಂತೆ ತಾಟಿನ ಬದಿಗೆ ಇರುತ್ತಿತ್ತು. ಹುಸೇನಬಿ ಕೇಳಿಕೊಂಡು ಇನ್ನೊಂದು ರೊಟ್ಟಿ ಬಡಿಯುತ್ತಿದ್ದಳು. ಮಕ್ಕಳಿಲ್ಲದ ಮನೆ; ಅವನ ಮಾತಿಗೆ ಅಡ್ಡ ಬರುವ ಸದ್ದೆಂದರೆ ರೊಟ್ಟಿಯ ಸದ್ದೊಂದೇ.

ಬಬಲೇಶ್ವರದ ಪೀರಸಾಬ ಊಟಕ್ಕೆ ಬಂದದ್ದು ಒಂದು ಶುಕ್ರವಾರ. ಮದುವೆ ಮನೆಗಳಿಗೆ ಅಡುಗೆ ಪಾತ್ರೆ ಬಾಡಿಗೆ ಕೊಡುವ ಹಿರಿಯ ಅವನು. ಅವನ ಕೋಠಿಯಲ್ಲಿದ್ದ ದೇಗುಗಳು ಎಂಥವೆಂದರೆ, ಒಂದರೊಳಗೆ ಎತ್ತಿನ ಗಾಡಿ ತಿರುಗಿಸಬಹುದು. ಇನ್ನೊಂದರೊಳಗೆ ಬಿದ್ದ ಸೌಟನ್ನು ತರಲು ಹೋದ ಅಡುಗೆಯವನು ಊಟದ ಬುತ್ತಿ ಕಟ್ಟಿಕೊಂಡು ಇಳಿಯಬೇಕಾಗುತ್ತಿತ್ತು. ಆ ದೇಗುಗಳಿಗೆಲ್ಲ ಕಲಾಯಿ ಯಾರ ಕೈಯಿಂದ ಎಂಬುದನ್ನು ಪೀರಸಾಬ ಇನ್ನೂ ನಿಶ್ಚಯ ಮಾಡಿರಲಿಲ್ಲ. ಅವನ ಹೊಟ್ಟೆಯ ಮೂಲಕ ನಿಶ್ಚಯ ಮಾಡಿಸಲು ಮಲಂಗಸಾಬ ಔತಣ ಇಟ್ಟಿದ್ದ.

ನಮಾಜಿಗೆ ಹೋಗುವ ಮೊದಲು ಅವನು ಒಲೆಯ ಮುಂದೆ ಬಂದು ನಿಂತ. ತಾಮ್ರದ ಪತೇಲಿಯಲ್ಲಿ ಕಾಳು ಬೆಂದು, ಮಸಾಲೆ ಬಿದ್ದು, ಕೆಂಪಗೆ ತಕತಕ ಕುದಿಯುತ್ತಿತ್ತು.

“ಹುಳಿ ಎಲ್ಲೈತಿ?”

“ಆಮ್ಯಾಲ ಹಾಕ್ತೇನ್ರಿ. ಬಡಿಸಿದ ಮ್ಯಾಲ.”

“ಬಡಿಸಿದ ಮ್ಯಾಲ ಹಾಕಿ ಹಾಕೀನಽ ಹಿಂಗ ಆಗೂದು. ನಮ್ಮವ್ವ ಕುದ್ಯಾಗ ಹಾಕ್ತಿದ್ಳು.”

“ಇವತ್ತೊಂದ ದಿನಾ ನನ್ನ ಮಾತ ಕೇಳ್ರಿ. ಈ ಪತೇಲ್ಯಾಗ ಬ್ಯಾಡ.”

“ಪತೇಲಿ ಮಾತ ನನಗ ಹೇಳ್ತಿ? ಜಿಲ್ಲಾದಾಗಿನ ಪಾತ್ರಿ ಎಲ್ಲಾ ನನಗ ಸಲಾಮ ಹೊಡೀತಾವ.”

ಬದಿಗಿದ್ದ ಮಣ್ಣಿನ ಕುಡಿಕೆಯಲ್ಲಿ ಅವಳು ಕಿವುಚಿಟ್ಟಿದ್ದ ಹುಣಸೆ ರಸವನ್ನು ಅವನೇ ಎತ್ತಿ, ಅಷ್ಟನ್ನೂ ಪತೇಲಿಗೆ ಸುರಿದ. ಸೌಟು ಹಾಕಿ ತಿರುವಿದ. ತಟ್ಟೆ ಮುಚ್ಚಿದ.

ಮಧ್ಯಾಹ್ನಕ್ಕೆ ಬರಬೇಕಿದ್ದ ಪೀರಸಾಬನ ಬಸ್ಸು ದಾರಿಯಲ್ಲಿ ಕೆಟ್ಟು, ಅವನು ಬಂದು ಕೈ ತೊಳೆಯುವ ಹೊತ್ತಿಗೆ ಬಿಸಿಲು ಗೋಡೆಯಿಂದ ಇಳಿಯುತ್ತಿತ್ತು. ಅಲ್ಲಿಯತನಕ ಪಲ್ಯ ಅದೇ ಪತೇಲಿಯಲ್ಲಿ, ಆರಿದ ಕೆಂಡದ ಮೇಲೆ ಕೂತಿತ್ತು. ಪೀರಸಾಬ ಎರಡು ತುತ್ತು ಉಂಡ. ಮೂರನೆಯದಕ್ಕೆ ಅವನ ಮುಖ ಸಾಯಂಕಾಲದ ಛತ್ರಿಯಂತೆ ಮುಚ್ಚಿಕೊಂಡಿತು. ಎದ್ದು ಗಟಾರದ ಕಡೆಗೆ ಹೋದ. ಅವನು ಕಾರಿದ ಸದ್ದಿಗೆ ಓಣಿಯ ನಾಯಿಗಳೆಲ್ಲ ತಮ್ಮ ಭಾಷೆಯಲ್ಲಿ ಜವಾಬು ಕೊಟ್ಟವು.

“ಬಿಸಲಿಗಿ ಆಗಿರಬೇಕ ತಗೋ,” ಎಂದ ಪೀರಸಾಬ, ದೊಡ್ಡ ಮನುಷ್ಯನಂತೆ ಬಾಯಿ ಒರೆಸಿಕೊಳ್ಳುತ್ತ.

“ಬಿಸಲಲ್ಲ ಭಾಯಿ, ಇಕೀ ಕೈ,” ಎಂದ ಮಲಂಗಸಾಬ. “ಇಕೀ ಕೈಯಾಗ ವಿಷ ಐತಿ. ಇಷ್ಟ ವರ್ಷ ಉಂಡೇನಿ, ನಾ ಆದೆ ಅಂತ ತಡಕೊಂಡೇನಿ. ಬ್ಯಾರೆ ಯಾವನರ ಇದ್ರ ಎಂದೋ ಮಣ್ಣ ಆಗಿರ್ತಿದ್ದ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಸೇನಬಿ ಬಾಯಿ ತೆರೆದಳು. ಪೀರಸಾಬನನ್ನು ನೋಡಿದಳು. ಗಂಡನನ್ನು ನೋಡಿದಳು. ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಮರುದಿನ ಬೆಳಗಿನ ಬಸ್ಸಿಗೆ ಹೊನವಾಡದ ತಮ್ಮನ ಮನೆಗೆ ಹೊರಟೇಹೋದಳು.

ಹೋದವಳು ತಾನಾಗಿ ಬರುತ್ತಾಳೆಂದು ಮಲಂಗಸಾಬ ಕಾದ. ಬಂದವನು ಅವಳ ತಮ್ಮ ಸಿಕಂದರ. ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುವ, ಮಾತು ಕಡಿಮೆಯ ಹುಡುಗ. ಚಹಾ ಕೂಡ ಮುಟ್ಟದೆ ಕಟ್ಟೆಯ ಮೇಲೆ ಕೂತು ಹೇಳಿದ:

“ದುಲಾಭಾಯಿ, ಅಕ್ಕ ಒಂದಽ ಮಾತ ಹೇಳ್ಯಾಳ. ಪೀರಸಾಬನ ಮುಂದ ಅಂದ ಮಾತು ಪೀರಸಾಬನ ಮುಂದಽ ವಾಪಸ್ ತಗೋಬೇಕಂತ. ತಗೊಂಡ್ರ ಆವತ್ತಽ ನಿಮ್ಮ ಹಿಂದ ಬರ್ತಾಳ.”

“ತಗೋಳ್ಳದಿದ್ರ?”

“ಜಮಾತಿನ ಹಿರ್ಯಾರನ್ನ ಕೂಡಸಿ ಫಾರಕತ್ ಮಾಡ್ಕೊಂಡು ಸಂಬಂಧ ಹರಕೊಳ್ಳೂದು. ಇದನ್ನೂ ಅಕೀನಽ ಹೇಳ್ಯಾಳ, ನಾ ಅಲ್ಲ.”

ಮಲಂಗಸಾಬನ ಎದೆಯೊಳಗೆ ಏನೋ ಕಳಚಿ ಬಿತ್ತು. ಬಿದ್ದದ್ದು ಕಾಣಬಾರದೆಂದು ಅವನು ಮೀಸೆಯ ಮೇಲೆ ಕೈ ಹಾಕಿದ.

“ಬರೂ ಶುಕ್ರವಾರ ನಾನಽ ಹೊನವಾಡಕ್ಕ ಬರ್ತೇನಿ. ಪೀರಸಾಬನ್ನೂ ಕರಸ್ತೇನಿ. ನನ್ನ ಈ ಕೈಲೆ ಪಲ್ಯ ಮಾಡ್ಕೊಂಡ ತರ್ತೇನಿ. ಉಂಡ ನೋಡ್ರಿ. ಆಮ್ಯಾಲ ಮಾತ ವಾಪಸ್ ತಗೋಳ್ಳೂದೋ, ಇನ್ನೆರಡ ಸೇರಸೂದೋ, ನೀವಽ ಹೇಳ್ರಿ.”

ಸಿಕಂದರ ಭಾವನಿಗೆ “ಬರ್ರಿ,” ಎಂದು ಹೇಳಿ ಎದ್ದ.

ಬುಧವಾರ ಮಲಂಗಸಾಬ ಕೈ ಪಳಗಿಸಿಕೊಳ್ಳಲು ಕೂತ. ಬಜಾರಿನಿಂದ ಚುಕ್ಕಿ ಅಲಸಂದಿ ತಂದಿದ್ದ. ಒಂದೊಂದು ಕಾಳೂ ಪಾರಿವಾಳದ ಮೊಟ್ಟೆಯಷ್ಟು ಎಂದು ಓಣಿಗೆಲ್ಲ ತೋರಿಸಿ ಬಂದಿದ್ದ. ಹಿಂದಿನ ದಿನವೇ ನೆನೆಹಾಕಿದ ಕಾಳನ್ನು ಪತೇಲಿಗೆ ಹಾಕಿ ಒಲೆ ಹೊತ್ತಿಸಿದ. ಕೆಂಡದಲ್ಲಿ ಉಳ್ಳಾಗಡ್ಡಿ ಸುಟ್ಟ, ಒಣಕೊಬ್ಬರಿ ಸುಟ್ಟ, ಜೊತೆಗೆ ಎರಡು ಬೆರಳನ್ನೂ ಸುಟ್ಟುಕೊಂಡ. ಎಳ್ಳು ಹುರಿದು, ಬಳ್ಳೊಳ್ಳಿ ಸೇರಿಸಿ ಒಳಕಲ್ಲಿನಲ್ಲಿ ಕುಟ್ಟಿದ. ಮಸಾಲೆ ಖಾರದ ಭರಣಿಯ ಬಾಯಿ ಬಿಚ್ಚಿದಾಗ, ಬೇಸಿಗೆಯಲ್ಲಿ ಹುಸೇನಬಿ ಮೂಗಿಗೆ ಸೆರಗು ಕಟ್ಟಿಕೊಂಡು ಅದನ್ನು ಕುಟ್ಟುತ್ತಿದ್ದದ್ದು ನೆನಪಾಗಿ, ಬೇಗನೆ ಬಾಯಿ ಕಟ್ಟಿಟ್ಟ.

ಗೋಡೆಯಾಚೆಯಿಂದ ಗಂಗಾಬಾಯಿಯ ತಲೆ ಎದ್ದಿತು. ಮಗ ಕಚೇರಿಗೆ ಹೋದ ಮೇಲೆ ಆ ಮುದುಕಿಗೆ ಆ ಗೋಡೆಯೇ ಸಿನಿಮಾ.

“ಏನಪಾ ಮಲಂಗಾ, ಮನಿಗಿ ಬೆಂಕಿ ಬಿದ್ದೈತೋ, ಅಡಗಿ ನಡದೈತೋ?”

“ಅಡಗೀರಿ ಅವ್ವಾರ. ನಮ್ಮವ್ವನ ಪಲ್ಯ.”

“ನಿಮ್ಮವ್ವ ಕಣ್ಣೀರ ಹಾಕದ ಮಾಡ್ತಿದ್ಳಪಾ.”

ಕುಸುಬಿ ಎಣ್ಣೆ ಕಾದು ಖಾರ ಬಿತ್ತು. ಆ ಘಾಟಿಗೆ ಓಣಿ ಸೀನಿತು, ಓಣಿಯಿಂದ ಬಜಾರು ಸೀನಿತು. ಗೋಳಗುಮ್ಮಟದೊಳಗೆ ಯಾರೋ ಸೀನಿದ್ದು ಏಳು ಸಲ ತಿರುಗಿ ಬಂದು, ಮುಂಬಯಿಯ ಪ್ರವಾಸಿಗರು ಭೂಕಂಪವೆಂದು ಹೊರಗೋಡಿದರು. ಮಲಂಗಸಾಬ ಕುದಿಯಲ್ಲೇ ಹುಳಿ ಹಾಕಿದ, ಬೆಲ್ಲದ ಚೂರು ಹಾಕಿದ, ತಟ್ಟೆ ಮುಚ್ಚಿ ನೀರು ಹೊಯ್ದುಕೊಳ್ಳಲು ಹೋದ. ಬಂದು ಒಂದು ಸೌಟು ಬಾಯಿಗಿಟ್ಟ. ನಾಲಗೆ ಮುದುಡಿಕೊಂಡಿತು. ಕಹಿ. ಬೇವು ಇದರ ಮುಂದೆ ಮಿಠಾಯಿ. ನುಂಗುವ ಮೊದಲೇ ಗಂಟಲು ಹಿಂದಕ್ಕೆ ನೂಕಿತು.

ಕಾಳು ಕೆಟ್ಟದ್ದಿರಬೇಕೆಂದು ಬೇರೆ ಅಂಗಡಿಯಿಂದ ತಂದು ಮರುದಿನ ಮತ್ತೆ ಮಾಡಿದ. ಅದೇ ಕಹಿ. ಅಂಗಡಿಯವನಿಗೆ, ಕಾಳು ಬೆಳೆದವನಿಗೆ, ಹುಣಸೆ ಮರಕ್ಕೆ ಒಂದೊಂದು ಬೈಗುಳ ಹಂಚಿ, ಪಲ್ಯ ಚೆಲ್ಲಲು ಪತೇಲಿಯನ್ನು ಅಂಗಳಕ್ಕೆ ಹೊತ್ತು ತಂದ. ಬಗ್ಗಿಸಿ ಸುರಿದ. ಅಡುಗೆಮನೆಯ ಕತ್ತಲಲ್ಲಿ ಕಾಣದಿದ್ದದ್ದು ಬಯಲ ಬಿಸಿಲಲ್ಲಿ ಕಂಡಿತು.

ಪತೇಲಿಯ ತಳದಲ್ಲಿ ಕಲಾಯಿಯ ಒಂದು ಚೂರೂ ಉಳಿದಿರಲಿಲ್ಲ. ಕೆಂಪು ತಾಮ್ರ ಬೆತ್ತಲೆ ಕೂತಿತ್ತು. ಪಲ್ಯ ನಿಂತಿದ್ದ ಗೆರೆಯುದ್ದಕ್ಕೂ ಹಸಿರು ಕಿಲುಬು. ಪರರ ಪಾತ್ರೆಯಾಗಿದ್ದರೆ ಅವನು ಓಣಿಯ ಆ ತುದಿಯಿಂದಲೇ ಕಂಡುಹಿಡಿದು, ಈ ತುದಿಯವರಿಗೆ ಕೇಳುವಂತೆ ಗದರಿಸುತ್ತಿದ್ದ.

“ಕಡೀಕ ನೋಡಿದಿ,” ಎಂದಳು ಗಂಗಾಬಾಯಿ. ಗೋಡೆಯ ಮೇಲೆ ಅವಳ ಗದ್ದ ಕೂತಿತ್ತು.

“ಇದು... ಇದು ಯಾವಾಗ ಹಿಂಗಾತ್ರಿ?”

“ನನ್ನ ಕೇಳ್ತಿ? ಕಲಾಯಿ ಹಾಕಾಂವ ನೀನೋ ನಾನೋ? ರಮಜಾನಕ್ಕೊಮ್ಮೆ, ಬಕ್ರೀದಕ್ಕೊಮ್ಮೆ ಅಕಿ ಪತೇಲಿ ತಿಕ್ಕಿ ತಂದು ನಿನ್ನ ತಿದಿ ಮುಂದ ಇಡ್ತಿದ್ಳು. ನೀ ನಾಳೆ ಅಂತಿದ್ದಿ. ಗಿರಾಕಿ ಪಾತ್ರಿಗಿ ಜಾಗಾ ಬೇಕಂತ ತಿರುಗಿ ಒಳಗ ಕಳಸ್ತಿದ್ದಿ.”

“ಮತ್ತ ದಿನಾ ಇದರಾಗಽ ಮಾಡ್ತಿದ್ಳಲ್ರಿ. ಎಂದೂ ಹಿಂಗ ಕಹಿ ಆಗಿದ್ದಿಲ್ಲ.”

“ಹುಳಿ ಮುಟ್ಟಸ್ತಿದ್ದಿಲ್ಲಲ್ಲಪಾ ಪತೇಲಿಗಿ. ಅದಕಽ ನನ್ನ ಕಡಿಂದ ಮಣ್ಣಿನ ಕುಡಕಿ ಒಯ್ದಿದ್ಳು. ಹುಳಿ ಅದರಾಗ ಬ್ಯಾರೆ ಇಟ್ಟು, ಪಲ್ಯಾ ತಾಟಿಗಿ ಬಡಿಸಿದ ಮ್ಯಾಲ ಮ್ಯಾಲಿಂದ ಬೆರಸ್ತಿದ್ಳು.”

ಮಲಂಗಸಾಬ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕೂತ. ಹುಳಿ ಕಾಳಿನೊಳಗೆ ಏಕೆ ಇಳಿಯುತ್ತಿರಲಿಲ್ಲವೆಂದು ಈಗ ತಿಳಿಯಿತು. ಅವನು ಹೀಯಾಳಿಸುತ್ತ ಉಂಡ ಪ್ರತಿಯೊಂದು ಊಟದಲ್ಲೂ ಅವಳು ಅವನ ಜೀವ ಉಳಿಸಿ ಬಡಿಸಿದ್ದಳು.

“ಆವತ್ತ ಪೀರಸಾಬನ ಮುಂದರ ಬಾಯಿ ಬಿಡಬೇಕಿತ್ತಿಲ್ಲೋ ಅಕಿ,” ಎಂದ. ಧ್ವನಿ ಅವನದೇ ಎಂದು ಅವನಿಗೇ ಅನಿಸಲಿಲ್ಲ.

“ಬಿಟ್ಟಿದ್ರ ನಿನಗ ಅಂವಾ ದೇಗ ಕೊಡ್ತಿದ್ನೇನ? ಸ್ವಂತ ಮನೀ ಪತೇಲೀನ ಹಸರ ಮಾಡ್ಕೊಂಡ ಕುಂತ ಕಲಾಯಿಯಾಂವಗ?” ಎಂದು ಗಂಗಾಬಾಯಿ ಕೇಳಿದಳು. ಉತ್ತರಕ್ಕೆ ಕಾಯದೆ ಇಳಿದುಹೋದಳು.

ಅವತ್ತು ಅವನು ಗಿರಾಕಿಗಳ ಪಾತ್ರೆಗಳನ್ನೆಲ್ಲ ಬದಿಗೆ ಸರಿಸಿದ. ಪತೇಲಿಯನ್ನು ಮರಳು ಹಾಕಿ ತಿಕ್ಕಿದ, ಕೆಂಡಕ್ಕಿಟ್ಟ, ತಿದಿ ಒತ್ತಿದ. ಜೀವಮಾನದಲ್ಲಿ ಹಾಗೆ ಕಲಾಯಿ ಹಾಕಿರಲಿಲ್ಲ. ಅದರ ಬೆಳಕಿಗೆ ಓಣಿಯ ಕೋಳಿಗಳು ಬೆಳಗಾಯಿತೆಂದು ಎರಡನೆಯ ಸಲ ಕೂಗಿದವು. ಅವನ ಮುಖ ಮಾತ್ರ ಆ ಬಿಳುಪಿನಲ್ಲಿ ಸರಿಯಾಗಿ ಕಾಣಲಿಲ್ಲ; ಕಣ್ಣು ಹೊಗೆಗೆ ತುಂಬಿದ್ದವು. ಹೊಗೆಗೇ ಎಂದು ಅವನು ತನಗೆ ಹೇಳಿಕೊಂಡ.

ಶುಕ್ರವಾರ ಅದರಲ್ಲಿ ಪಲ್ಯ ಮಾಡಿದ. ಕುದಿಯಲ್ಲೇ ಹುಳಿ ಹಾಕಿದ. ಕಾಳಿನ ಸಿಪ್ಪೆ ಬಿರಿಯದೆ ಒಳಗು ಬೆಣ್ಣೆಯಾಗಿ, ಖಾರವೂ ಹುಳಿಯೂ ಒಂದರ ಹೆಗಲ ಮೇಲೊಂದು ಕೈ ಹಾಕಿಕೊಂಡು ಕಾಳಿನೊಳಗೆ ಹೊಕ್ಕು ಕೂತಿದ್ದವು. ಬಟ್ಟೆ ಕಟ್ಟಿದ ಪತೇಲಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದ. ತಿಕೋಟಾ ಬರುವಷ್ಟರಲ್ಲಿ ಇಡೀ ಬಸ್ಸು ಜೊಲ್ಲು ನುಂಗುತ್ತಿತ್ತು. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಮರೆತು, ರೊಟ್ಟಿ ಯಾರ ಹತ್ತಿರ ಇವೆಯೆಂದು ವಿಚಾರಿಸುತ್ತಿದ್ದ. ಮಲಂಗಸಾಬ ಯಾರ ಮಾತಿಗೂ ಸಿಗಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡುತ್ತಿದ್ದ: ತಪ್ಪು ಅಕೀ ಕೈಯದಲ್ಲ, ನನ್ನ ಪತೇಲೀದು. ತಪ್ಪು ಅಕೀ ಕೈಯದಲ್ಲ, ನನ್ನ ಪತೇಲೀದು.

ಹೊನವಾಡದ ಮನೆಯ ಅಂಗಳದಲ್ಲಿ ಪೀರಸಾಬ ಆಗಲೇ ಹೊರಸಿನ ಮೇಲೆ ಕೂತಿದ್ದ. ತನ್ನ ನೆಪದಲ್ಲಿ ಒಂದು ಸಂಸಾರ ಮುರಿಯಬಾರದೆಂದು ಹಿರಿಯ ಮನುಷ್ಯ ಬಬಲೇಶ್ವರದಿಂದ ಎರಡು ಬಸ್ಸು ಬದಲಿಸಿ ಬಂದಿದ್ದ. ಒಳಬಾಗಿಲ ಬದಿಗೆ ಒಂದು ಗಂಟು ಕಟ್ಟಿ ಇಟ್ಟದ್ದು ಮಲಂಗಸಾಬನಿಗೆ ಕಂಡಿತು. ಹುಸೇನಬಿಯ ಹಸಿರು ಸೀರೆಯ ಅಂಚು ಅದರಿಂದ ಇಣುಕುತ್ತಿತ್ತು. ಅವಳು ಹೊರಡಲು ಸಿದ್ಧಳಾಗಿದ್ದಳು.

ಹುಸೇನಬಿ ತಾಟು ತಂದಿಟ್ಟಳು. ಮಲಂಗಸಾಬ ಪತೇಲಿಯ ಬಟ್ಟೆ ಬಿಚ್ಚಿದ. ಎಲ್ಲರೂ ಪಲ್ಯ ನೋಡಿದರು. ಅವಳು ಪಲ್ಯದ ಮೇಲಕ್ಕೆ, ಅಂಚಿನ ಕೆಳಗೆ ಬೆಳ್ಳಗೆ ಹೊಳೆಯುತ್ತಿದ್ದ ಕಲಾಯಿಯನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಬಿಗಿದಿದ್ದ ಅವಳ ಮುಖ ಸಡಿಲಾಯಿತು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬಾಗಿಲ ಬಳಿ, ಗಂಟಿನ ಪಕ್ಕ, ಕೂತಳು.

ಪೀರಸಾಬ ಮೊದಲ ತುತ್ತನ್ನು ಹೆದರಿ ಹೆದರಿ ಉಂಡ. ಎರಡನೆಯದನ್ನು ಬೇಗ ಉಂಡ. ಆಮೇಲೆ ರೊಟ್ಟಿಯ ಗುಡ್ಡ ಕರಗತೊಡಗಿತು.

“ಏನ ರುಚಿ ಮಾರಾಯಾ. ನಿಮ್ಮವ್ವನ ಕೈಯಾಗ ಉಂಡಿದ್ದೆ ಒಮ್ಮೆ. ಹಿಂಗಽ ಇತ್ತು.” ಬೆರಳು ನೆಕ್ಕಿ, ನೀರು ಕುಡಿದು, ಅವನು ಕೇಳಿದ: “ಮತ್ತ ಆವತ್ತ ಆ ಕಹಿ ಎಲ್ಲಿಂದ ಬಂತು? ಹೇಳಿಬಿಡು. ಮನಸಿನಾಗ ಇಟಗೊಳ್ಳೂದ ಬ್ಯಾಡ. ಸೋಮವಾರ ದೇಗ ಗಾಡಿಗಿ ಹೇರಬೇಕಂತ ಮಾಡೇನಿ, ಅದರ ಮೊದಲ ಇದೊಂದ ಮುಗೀಲಿ.”

ಸಿಕಂದರ ತಾಟು ಕೆಳಗಿಟ್ಟ. ಹುಸೇನಬಿಯ ಕೈ ಗಂಟಿನ ಮೇಲಿತ್ತು.

ಬಸ್ಸಿನುದ್ದಕ್ಕೂ ಪಾಠ ಮಾಡಿದ ಮಾತು ಮಲಂಗಸಾಬನ ನಾಲಗೆಯ ತುದಿಗೆ ಬಂದು ಕೂತಿತ್ತು. ರೈಲು ನಿಲ್ಲಿಸಿದ ನಾಲಗೆ ಅದು, ಬೆಕ್ಕಿಗೆ ಹುಲಿ ತೋರಿಸಿದ ನಾಲಗೆ. ಪತೇಲಿ ಎಂಬ ಮೂರಕ್ಷರ ಎತ್ತಲು ಅದಕ್ಕೆ ಬಲ ಸಾಲಲಿಲ್ಲ. ಪೀರಸಾಬನ ಹಿಂದೆ ಸಾಲುಸಾಲು ದೇಗುಗಳು ಬಾಯಿ ತೆರೆದು ನಿಂತಂತೆ, ತಾನು ಹೇಳಿದ ಮಾತು ಒಂದೊಂದರೊಳಗೂ ಮೊಳಗಿ ಬಬಲೇಶ್ವರದಿಂದ ಸೊಲ್ಲಾಪುರದವರೆಗೆ ಕೇಳಿಸುವಂತೆ ಅವನಿಗೆ ಅನಿಸಿತು.

“ಕೈಗುಣ ಭಾಯಿ,” ಎಂದ.

ಅಂದ ಮೇಲೆ ಮಾತು ತಾನೇ ಓಡತೊಡಗಿತು. “ನಮ್ಮವ್ವ ಹೋಗೂ ಮುಂದ ನನ್ನ ಕೈಯಾಗ ಇಟ್ಟ ಹೋಗ್ಯಾಳ. ಎಲ್ಲಾರಿಗೂ ಬರೂದಲ್ಲ ಅದು. ಇರ್ಲಿ, ಇಕೀಗೂ ಸಾವಕಾಶ ಕಲಸ್ತೇನಿ. ಆವತ್ತ ಅಂದದ್ದು ಸಿಟ್ಟಿನಾಗ ಅಂದದ್ದು. ಕರ್ಕೊಂಡ ಹೋಗ್ತೇನಿ, ನಂದೇನ ತಕರಾರಿಲ್ಲ.”

ಪೀರಸಾಬ ಸಮಾಧಾನದಿಂದ ತಲೆದೂಗಿದ. ಹುಸೇನಬಿ ಎದ್ದಳು. ಉಳಿದ ಪಲ್ಯವನ್ನು ಮನೆಯ ಮಣ್ಣಿನ ಗಡಿಗೆಗೆ ಬಗ್ಗಿಸಿದಳು. ಪತೇಲಿಯನ್ನು ಬಚ್ಚಲಿಗೆ ಒಯ್ದು, ಬೂದಿ ಹಾಕಿ, ಹೊಸ ಕಲಾಯಿಗೆ ಗೀರು ಬೀಳದಂತೆ ಮೆಲ್ಲಗೆ ತೊಳೆದು, ಸೆರಗಿನಿಂದ ಒರೆಸಿ ತಂದು ಗಂಡನ ಮುಂದೆ ಇಟ್ಟಳು.

“ಛಲೋ ಕುಂತೈತಿ,” ಎಂದಳು. ಅವನಿಗೊಬ್ಬನಿಗೇ ಕೇಳುವಷ್ಟು ಸಣ್ಣಗೆ.

ಅವನು ತಲೆಯೆತ್ತಲಿಲ್ಲ. ಈಗಲಾದರೂ ಅವಳೇ ಹೇಳಿಬಿಟ್ಟರೆ ಒಳ್ಳೆಯದಿತ್ತು ಎಂದು ಒಂದು ಕ್ಷಣ ಅವನಿಗೆ ಅನಿಸಿತು. ಅವಳು ಹೇಳಲಿಲ್ಲ. ಎಲ್ಲರಿಗೂ ಕೇಳುವಂತೆ ಹೇಳಿದ್ದು ಬೇರೆ:

“ಪಲ್ಯ ಭಾಳ ರುಚಿ ಆಗೇತ್ರಿ. ಇಂಥಾ ಕೈ ಇದ್ದಾವರಿಗಿ ನಾ ಯಾಕ ಬೇಕು? ಮಾಡ್ಕೊಂಡ ಉಣ್ರಿ.” ಗಂಟನ್ನು ಎತ್ತಿಕೊಂಡು ಒಳಗೆ ಹೋಗುತ್ತ, “ಸಿಕಂದರ, ಜಮಾತಿನ ಹಿರ್ಯಾರಿಗಿ ಹೇಳಿ ಕಳಸೋ,” ಎಂದಳು.

ಪೀರಸಾಬನಿಗೆ ಏನೂ ತಿಳಿಯಲಿಲ್ಲ. ಹೆಂಗಸರ ಸಿಟ್ಟು ಇಳಿಯುತ್ತದೆ ಎಂದು ಮಲಂಗಸಾಬನ ಬೆನ್ನು ತಟ್ಟಿ, ಸೋಮವಾರ ದೇಗು ಬಂದೇ ಬರುತ್ತವೆ ಎಂದು ಧೈರ್ಯ ಹೇಳಿದ. ದೇಗು ಸಿಕ್ಕವು. ಜಿಲ್ಲೆಯಲ್ಲಿ ಯಾವ ಕಲಾಯಿಯವನಿಗೂ ಅಷ್ಟು ದೊಡ್ಡ ಕೆಲಸ ಅಲ್ಲಿಯತನಕ ಸಿಕ್ಕಿರಲಿಲ್ಲ.

ಬರಿದಾದ ಪತೇಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಶುಕ್ರವಾರ ಸಂಜೆ ಅವನು ಓಣಿಗೆ ಬಂದಾಗ ಗಂಗಾಬಾಯಿ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ಅವನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಕತ್ತು ಚಾಚಿ ನೋಡಿದಳು.

“ಬರಲಿಲ್ಲೇನಪಾ?”

“ಬರ್ತೇನಿ ಅಂತ ಕಾಲ ಹಿಡದ್ಳ್ರಿ ಅವ್ವಾರ,” ಎಂದ ಮಲಂಗಸಾಬ. “ಹೊನವಾಡ ಊರಿಗಿ ಊರಽ ಕೂಡಿತ್ತು. ಅಕಿ ಅಳಾಕತ್ತಿದ್ದು ನೋಡಿ ದ್ರಾಕ್ಷಿ ಬಳ್ಳಿ ಸೈತ ಬಾಡಿದ್ವು. ನಾನಽ ಬ್ಯಾಡ ಅಂದೆ.”

ಗಂಗಾಬಾಯಿ ಅವನ ಮುಖ ನೋಡಿದಳು. ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಮಲಂಗಸಾಬ ತನ್ನ ಬಾಗಿಲ ಚಿಲಕ ತೆಗೆದ. ಒಲೆ ತಣ್ಣಗಿತ್ತು. ಉಳಿದ ಪಲ್ಯವೆಲ್ಲ ಹೊನವಾಡದ ಗಡಿಗೆಯಲ್ಲಿತ್ತು; ಅವನು ಬೆಳಗಿನಿಂದ ಒಂದು ತುತ್ತೂ ಉಂಡಿರಲಿಲ್ಲ.